ಕೇಳಿ ಹಿಡಿದ ಮೀನು

ಕೊಳವನ್ನು ಮಾರಿದ್ದು ನಾನೇ. ಹೂಳೆತ್ತಿಸುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ಅದರ ಪಕ್ಕದ ಎರಡು ಕೋಣೆಯ ಮನೆಯನ್ನಷ್ಟೇ ಇಟ್ಟುಕೊಂಡೆ. ಕೊಂಡವರು ಹಲ್ಲಿನ ಡಾಕ್ಟರು, ಒಳ್ಳೆಯ ಹೆಂಗಸು. ಮನೆಯಲ್ಲಿ ಎರಡು ಪುಟ್ಟ ಮಕ್ಕಳು. ಹಾಗಾಗಿ ಬಂದ ವಾರವೇ ಕೊಳದ ಸುತ್ತ ತಂತಿಬೇಲಿ ಹಾಕಿಸಿ ಗೇಟಿಗೆ ಬೀಗ ಹಾಕಿದರು.

ಆ ಬೀಗದ ಬಿಸಿ ತಟ್ಟಿದ್ದು ಗಡಿಯಾರದವರಿಗೆ. ಪೇಟೆಯಲ್ಲಿ ವಾಚು ರಿಪೇರಿ ಮಾಡುತ್ತಿದ್ದ ಅವರನ್ನು ಎಲ್ಲರೂ ಕರೆಯುವುದೇ ಹಾಗೆ. ಕೈನಡುಕ ಬಂದು ಅಂಗಡಿ ಮುಚ್ಚಿದ್ದರು. ಚಹಾ ಕೊಟ್ಟರೆ ಅರ್ಧ ತಟ್ಟೆಯ ಪಾಲು. ಗಾಳದ ಕೋಲು ಹಿಡಿದು ನೀರಿಗೆ ಕಣ್ಣು ನೆಟ್ಟಾಗ ಮಾತ್ರ ಆ ಕೈ ಅಲುಗುತ್ತಿರಲಿಲ್ಲ. ಅದನ್ನು ನಾನು ಅಡುಗೆಮನೆಯ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ. ಮೂವತ್ತೊಂದು ವರ್ಷದಿಂದ ಅವರ ಭಾನುವಾರಗಳು ಕಳೆದದ್ದು ಅಲ್ಲಿಯೇ.

ಮುನಿಸಿಕೊಂಡ ಅವರು ಡಾಕ್ಟರ ಹತ್ತಿರವೂ ಹೋಗದೆ ನೇರವಾಗಿ ಭೂಮಿ ಕಚೇರಿಗೆ ಅರ್ಜಿ ಹಾಕಿದರು. ಒಂದು ಜಾಗವನ್ನು ಇಪ್ಪತ್ತು ವರ್ಷ ಯಾರ ಒಪ್ಪಿಗೆಯನ್ನೂ ಕೇಳದೆ, ಎಲ್ಲರ ಕಣ್ಣೆದುರೇ ಬಳಸಿದ್ದರೆ ಅದು ಹಕ್ಕಾಗುತ್ತದಂತೆ. ಹಳೆಯ ಒಡತಿಯೆಂದು ಸಾಕ್ಷಿ ಹೇಳಲು ನನಗೆ ಕರೆ ಬಂತು.

ಅಧಿಕಾರಿ ಇನ್ನೂ ಎಳೆಯ ವಯಸ್ಸಿನವರು. ಮೇಜಿನ ಫ್ಯಾನನ್ನು ನನ್ನ ಕಡೆಗೆ ತಿರುಗಿಸಿ, ಆಮೇಲೆ ಮಾತು ತೆಗೆದರು. "ಇವರು ನಿಮ್ಮನ್ನ ಕೇಳಿ ಹೋಗ್ತಿದ್ರಾ, ಕೇಳದೇನಾ?"

ಕೇಳದೆ ಎಂದುಬಿಟ್ಟರೆ ಅವರ ಭಾನುವಾರಗಳು ಉಳಿಯುತ್ತಿದ್ದವು. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಿತ್ತಲ ಬಾಗಿಲಲ್ಲಿ ಚಪ್ಪಲಿ ಕಳಚಿ "ಅಮ್ಮಾ, ಹೋಗ್ಲಾ?" ಎಂದು ನಿಲ್ಲುತ್ತಿದ್ದ ಮನುಷ್ಯ ಎದುರಿಗೇ ಕೂತಿದ್ದರು. ನಮ್ಮ ಯಜಮಾನರು ತೀರಿಕೊಂಡ ವಾರ ಬಂದವರು ಕೇಳಲು ಬಾಯಿ ಬಾರದೆ, ಮೀನನ್ನೂ ಹಿಡಿಯದೆ ಹಿಂದಿರುಗಿದ್ದರು. ಅಂಥ ಮರ್ಯಾದೆಯನ್ನು ಇರಲೇ ಇಲ್ಲ ಎನ್ನುವುದು ನನ್ನಿಂದಾಗಲಿಲ್ಲ.

"ಒಂದು ವಾರಾನೂ ಕೇಳದೆ ಹೋದವರಲ್ಲ" ಎಂದೆ.

ಅಧಿಕಾರಿ ಪೆನ್ನು ಕೆಳಗಿಟ್ಟರು. ಕೇಳಿ ಹೋದರೆ ಅದು ಒಡೆಯರ ಒಪ್ಪಿಗೆ, ಹಕ್ಕಲ್ಲ ಎಂದು ಬೇಸರದಿಂದಲೇ ತಿಳಿಸಿ ಅರ್ಜಿಯನ್ನು ತಳ್ಳಿಹಾಕಿದರು. ಹೇಳದೆ ಕೇಳದೆ ನುಗ್ಗಿದ್ದರೆ ಗೆಲ್ಲುತ್ತಿದ್ದೆ ಅನ್ನಿ ಎಂದು ಗಡಿಯಾರದವರು ನಕ್ಕರು.

ಹೊರಗಿನ ಮೊಗಸಾಲೆಯಲ್ಲಿ ಡಾಕ್ಟರು ನಮ್ಮನ್ನು ತಡೆದರು. ಗೆದ್ದ ಕಳೆ ಮುಖದಲ್ಲಿರಲಿಲ್ಲ.

"ಇವರನ್ನ ಇಷ್ಟು ವರ್ಷ ಕೇಳಿದ್ರಿ. ನನ್ನ ಒಂದು ಸಲ ಕೇಳಿದ್ರಾ?"

"ಬೀಗಾನ ಏನಂತ ಕೇಳೋದು ಡಾಕ್ಟ್ರೇ?"

"ಬೀಗ ಹಾಕಿದ್ದು ಮಕ್ಕಳಿಗೆ. ನಿಮಗಲ್ಲ."

ನಾನು ಗಡಿಯಾರದವರ ಕಡೆ ತಿರುಗಿದೆ. ಏನಿದ್ದರೂ ಈಗಲೇ ಕೇಳಿ ಮುಗಿಸಿ, ನನ್ನ ಮಂಡಿ ಇನ್ನು ಕಾಯುವುದಿಲ್ಲ ಎಂದೆ. ಗಡಿಯಾರದವರು ಕೇಳಿದರು. ಡಾಕ್ಟರು ತಮ್ಮ ಚೀಲ ತಡಕಾಡಿ ಗೇಟಿನ ಇನ್ನೊಂದು ಕೀಲಿಕೈ ತೆಗೆದುಕೊಟ್ಟರು.

ಮುಂದಿನ ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಚಪ್ಪಲಿ ಕಳಚಿದ ಸದ್ದು. ಅಂಗಡಿಯ ಹಳೇ ಕೀಲಿಕೈ ಜೊತೆ ಪೋಣಿಸಿಕೊಂಡಿದ್ದ ಹೊಸದು ಅವರ ಬೆರಳುಗಳ ನಡುವೆ ಗಲಗಲ ಎನ್ನುತ್ತಿತ್ತು.

"ಅಮ್ಮಾ, ಹೋಗ್ಲಾ?"

ಕೊಳ ಈಗ ನನ್ನದಲ್ಲವಲ್ಲ ಮಹರಾಯರೇ ಎಂದೆ. ಗೊತ್ತು ಎಂದರು. ಆದರೂ ಅಲ್ಲೇ ನಿಂತರು. ಆ ಕೈಯಲ್ಲಿ ಬೀಗ ತೆಗೆಯುವುದು ಆಗದ ಮಾತು ಎಂದು ಆಗ ಹೊಳೆಯಿತು. ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ನಾನೂ ಗೇಟಿನವರೆಗೆ ಹೋದೆ.