ಗಂಟಲಿಗಿಳಿದ ಉಪ್ಪುನೀರು

ಒರಿಸ್ಯಾ ಹಲುಷ್ಕಾಗೆ ಮೈಯೆಲ್ಲ ಉರಿದುಹೋಗಿತ್ತು. ಉರಿಯದೆ ಏನು? ಕೆನಡಾದ ವಿನ್ನಿಪೆಗ್‌ನಲ್ಲಿ ಹತ್ತೊಂಬತ್ತು ವರ್ಷ ಬಸ್ಸು ಓಡಿಸಿದ ಹೆಂಗಸು. ಎಡಗಣ್ಣಿನ ಕಣ್ಣೀರಿನ ನಾಳ ಕಟ್ಟಿಕೊಂಡು, ಪಕ್ಕದ ಕನ್ನಡಿಯೂ ಕಾಣದಷ್ಟು ನೀರು ಸುರಿದು, ನವೆಂಬರಿನಿಂದ ಮನೆಯಲ್ಲಿ ಕೂತಿದ್ದಳು. ಕಾಯಿಲೆ ಇದ್ದರೆ ರಜೆ ಮುಂದುವರಿಯುತ್ತದೆ. ವಾಸಿಯಾದರೆ ಸೋಮವಾರ ಹಾಜರಾಗಬೇಕು, ಇಲ್ಲವೇ ಕೆಲಸ ಹೋದಂತೆಯೇ.

ಮೂಗಿನ ಪಕ್ಕ ಕೊಯ್ದು ಕಣ್ಣೀರಿಗೆ ಹೊಸ ದಾರಿ ಮಾಡುವುದು ಹಳೆಯ ಪದ್ಧತಿ. ಡಾಕ್ಟರ್ ಪ್ರುಡನ್ ಅದನ್ನು ಬಿಟ್ಟು ಮೂಗಿನೊಳಗಿಂದಲೇ ಮಾಡಿದ್ದ. "ಮುಖದ ಮೇಲೆ ಗುರುತೇ ಉಳಿಯಲ್ಲ" ಎಂದು ಪುಸಲಾಯಿಸಿದ್ದ. ಎರಡೂ ಪದ್ಧತಿಗಳನ್ನು ಹೋಲಿಸಿ ಅವನು ಬರೆಯುತ್ತಿದ್ದ ಪ್ರಬಂಧದ ರೋಗಿಗಳಲ್ಲಿ ಇವಳೂ ಒಬ್ಬಳು.

ಈಗ ತಪಾಸಣೆಯ ಕೋಣೆಯಲ್ಲಿ, ಆ ದಾರಿ ತೆರೆದಿದೆಯೇ ಎಂದು ನೋಡಲು, ಅವಳ ಕಣ್ಣಿನ ಮೂಲೆಗೆ ಸಿರಿಂಜಿನಿಂದ ಉಪ್ಪುನೀರು ಒತ್ತಿದ.

"ಗಂಟಲಲ್ಲಿ ಉಪ್ಪುಪ್ಪು ಅನ್ನಿಸ್ತಾ?"

"ಹೂಂ."

"ದಾರಿ ತೆರೆದಿದೆ. ಯಶಸ್ವಿ!" ಎಂದು ಅವಳ ಕಡತದಲ್ಲಿ ಬರೆದೇ ಬಿಟ್ಟ.

"ಯಶಸ್ವಿಯಂತೆ! ನೀವು ಒತ್ತಿದ್ರೆ ಹೋಗುತ್ತೆ ಡಾಕ್ಟ್ರೇ. ನನ್ನ ಕಣ್ಣೀರನ್ನ ದಿನವಿಡೀ ಯಾರು ಒತ್ತುತ್ತಾ ಕೂರ್ತಾರೆ?"

"ನೋಡಿಯಮ್ಮಾ, ನಾವು ಅಳೆಯೋದೇ ಹೀಗೆ."

"ಸರಿ, ಹಾಗಾದ್ರೆ ಇದಕ್ಕೂ ಸಹಿ ಹಾಕಿ." ಬಸ್ಸು ಓಡಿಸಲು ಯೋಗ್ಯಳೆಂಬ ಪತ್ರವನ್ನು ಅವನ ಮುಂದೆ ತಳ್ಳಿದಳು.

ಪ್ರುಡನ್ ಅವಳ ಒದ್ದೆ ಕೆನ್ನೆ ನೋಡಿದ. "ಅದು ಹೇಗಾಗುತ್ತೆ? ಕಣ್ಣು ಸುರೀತಾ ಇದೆ. ಬಸ್ಸಿನ ತುಂಬ ಜನ ಇರ್ತಾರೆ."

"ನಾಚಿಕೆ ಆಗಲ್ವೇನ್ರೀ?" ಒರಿಸ್ಯಾ ಎದ್ದು ನಿಂತೇಬಿಟ್ಟಳು. "ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ! ನಿಮ್ಮ ಪ್ರಬಂಧಕ್ಕೆ ನಾನು ವಾಸಿಯಾದವಳು, ನನ್ನ ಹೊಟ್ಟೆಪಾಡಿಗೆ ಬಂದ್ರೆ ರೋಗಿ! ರಜೆನೂ ಇಲ್ಲ, ಕೆಲಸನೂ ಇಲ್ಲ. ಯಶಸ್ವಿ ಅಂತ ಇರೋವರೆಗೆ ಇನ್ನೊಬ್ಬ ಡಾಕ್ಟ್ರು ನನ್ನ ಮುಟ್ಟೋದೂ ಇಲ್ಲ. ಎರಡರಲ್ಲಿ ಒಂದು ಬರೀರಿ. ಬರೆಯೋ ತನಕ ನಾನು ಈ ಕೋಣೆ ಬಿಟ್ಟು ಕದಲಲ್ಲ!"

ಬಾಗಿಲಾಚೆ ಕಾದಿದ್ದವರು ಮಾತು ನಿಲ್ಲಿಸಿದರು. ಡಾಕ್ಟರ ಮುಖ ಕೆಂಪಾಯಿತು.

"ನಲವತ್ತು ಜನರಲ್ಲಿ ಈಗಾಗ್ಲೇ ನಾಲ್ಕು ಜನರದು ಕೆಟ್ಟಿದೆ," ಎಂದ ತಗ್ಗಿದ ದನಿಯಲ್ಲಿ. "ನಿಮ್ಮದೂ ಸೇರಿದ್ರೆ ಕೊಯ್ಯೋ ಪದ್ಧತಿನೇ ಮೇಲು ಅಂತ ಆಗಿಬಿಡುತ್ತೆ."

ಅಯ್ಯೋ ಪುಣ್ಯಾತ್ಮ! ಇಷ್ಟು ದಿನ ತಾನು ಕಣ್ಣೊರೆಸಿಕೊಂಡಿದ್ದು ಇದಕ್ಕಾಗಿಯೇ? ಒರಿಸ್ಯಾ ಮೇಜಿನ ಪೆನ್ನು ಎತ್ತಿ ಅವನ ಕೈಗೆ ತುರುಕಿದಳು.

ಅವನು "ಯಶಸ್ವಿ"ಯನ್ನು ಹೊಡೆದುಹಾಕಿ "ವಿಫಲ" ಎಂದು ಬರೆದ. ಹಳೆಯ ಪದ್ಧತಿಯ ಡಾಕ್ಟರಿಗೆ ಚೀಟಿಯನ್ನೂ ಬರೆದ. ಕೊಡುವಾಗ ಹೇಳಿದ: "ಅವರು ಮುಖ ಕೊಯ್ತಾರೆ, ಗೊತ್ತಲ್ಲ?"

"ಕೊಯ್ಯಲಿ!" ಎಂದು ಚೀಟಿ ಕಿತ್ತುಕೊಂಡಳು. "ಗುರುತು ಬಿದ್ರೆ ಬೀಳಲಿ. ಅವರಾದ್ರೂ ನನ್ನ ಕಣ್ಣು ನೋಡ್ತಾರೆ."