ಎರಡು ಬಾಲ್ಕನಿಗಳ ಮಾತು

ಬಾಲ್ಕನಿಯ ಕಂಬಿಯ ಮೇಲೆ ಬಟ್ಟೆ ಒಣಹಾಕಬಾರದೆಂದು ಅಪಾರ್ಟ್‌ಮೆಂಟಿನ ಆಫೀಸಿನವರು ಆಗಲೇ ಒಂದೆರಡು ಸಲ ಬಂದು ಹೇಳಿಹೋಗಿದ್ದರು. ರಾಜಲಕ್ಷ್ಮಮ್ಮ ಕೇಳುವವರೇ? ಮೈಸೂರಿನಿಂದ ಮಗಳು ಯಾಮಿನಿಯ ಮನೆಗೆಂದು ಮೇರಿಲ್ಯಾಂಡಿಗೆ ಬಂದ ದಿನದಿಂದ ಅವರದು ಒಂದೇ ಹಟ. ಊರವರ ಚಡ್ಡಿಗಳೆಲ್ಲ ಗಿರಗಿರ ತಿರುಗುವ ಯಂತ್ರಕ್ಕೆ ತಮ್ಮ ಮಡಿಸೀರೆ ಹಾಕುವುದಿಲ್ಲ.

ಆ ದಿನ ಬೆಳಿಗ್ಗೆ ಅವರು ಸೀರೆ ಹರವುತ್ತಿದ್ದಾಗ ಪಕ್ಕದ ಬಾಲ್ಕನಿಯಲ್ಲೂ ಒಬ್ಬ ವಯಸ್ಸಾದ ಹೆಂಗಸು, ತಲೆಗೆ ಬಟ್ಟೆ ಕಟ್ಟಿಕೊಂಡು, ಹೂವಿನ ಲುಂಗಿಯೊಂದನ್ನು ಹಿಂಡಿ ಕಂಬಿಗೆ ಹಾಕುತ್ತಿದ್ದರು. ತಪ್ಪು ಮಾಡುತ್ತಿದ್ದ ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಆಕೆ ಕೈಲಿದ್ದ ಸೋಪನ್ನು ಎತ್ತಿ ತೋರಿಸಿ "ಸಾಬುನ್" ಎಂದರು.

"ಅಯ್ಯೋ ಯಾಮಿನೀ, ಬಾರೇ ಇಲ್ಲಿ! ಇವರಿಗೆ ನಮ್ ಮಾತು ಬರುತ್ತೆ ಕಣೇ!"

ಬರುತ್ತಿರಲಿಲ್ಲ. ಆಕೆ ಜಕಾರ್ತದವರು. ಮಗ ಮರ್ಝುಕಿ, ಯಾಮಿನಿಯ ಗಂಡ ಆದಿತ್ಯನ ಆಫೀಸಿನಲ್ಲೇ ಪ್ರೋಗ್ರಾಮರ್. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆಂಬ ಭಯ ಆಗ ಇಂಥವರಿಗೆಲ್ಲ ಕೆಲಸ ಕೊಟ್ಟಿತ್ತು. ಅವನು ತಾಯಿಯನ್ನು 'ನ್ಯಾಕ್' ಎನ್ನುತ್ತಿದ್ದ. ಅವರ ಊರಿನ ಬೆತಾವಿ ಮಾತಿನಲ್ಲಿ ಹಾಗೆಂದರೆ ಅಮ್ಮ. ಹೀಗಾಗಿ ಆಕೆ ಎಲ್ಲರಿಗೂ ನ್ಯಾಕ್ ಆದರು.

ಇಬ್ಬರಿಗೂ ಇಂಗ್ಲಿಷ್ ಬಾರದು. ಹಗಲೆಲ್ಲ ಮನೆಯಲ್ಲಿ ಮಾತಿಗೆ ಜನವಿಲ್ಲ. ಬೆರಳು ತೋರಿಸಿ ಹೆಸರು ಹೇಳುವ ಆಟ ಅವರ ನಡುವೆ ಶುರುವಾಯಿತು. ರಾಜಲಕ್ಷ್ಮಮ್ಮ "ಮೇಜು" ಎಂದರೆ ನ್ಯಾಕ್ "ಮೇಜೆ" ಎನ್ನುವರು. ಕುರ್ಚಿಗೆ "ಕೊರ್ಸಿ". ಅಲಮಾರಿಗೆ "ಲೆಮಾರಿ". ಒಂದೊಂದು ಹೊಂದಿಕೆಯಾದಾಗಲೂ ಇಬ್ಬರೂ ಚಿಕ್ಕ ಹುಡುಗಿಯರ ಹಾಗೆ ಕೈ ತಟ್ಟಿ ನಗುವರು. ನ್ಯಾಕ್ ಮಾಡಿಕೊಟ್ಟ ಕಾಫಿ ಕುಡಿಯುವಾಗ ರಾಜಲಕ್ಷ್ಮಮ್ಮನಿಗೆ ಮಡಿಯ ನೆನಪೇ ಬರಲಿಲ್ಲ.

ಮರ್ಝುಕಿಗೆ ಮಾತ್ರ ಇದು ಮುಜುಗರ. "ನಮ್ಮದು ಭಾಷೆಯೇ ಅಲ್ಲ ಆಂಟಿ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಯಾಮಿನಿ ಅವನ ಮಾತನ್ನು ಅಮ್ಮನಿಗೆ ಕನ್ನಡದಲ್ಲಿ ತಿಳಿಸುತ್ತಾ ಹೋದಳು. "ಹಳೆಯ ಬಂದರಿನ ಸಂತೆಮಾತು. ಮಲಯ್ ಮಾತಿಗೆ ಬಾಲಿಯಿಂದ ಹಿಡಿದು ತಂದ ಗುಲಾಮರದು, ಅರಬರದು, ಪೋರ್ಚುಗೀಸರದು, ಡಚ್ಚರದು, ಎಲ್ಲವನ್ನೂ ಕಲಸಿದ್ದು. ನಾನು ಅನ್ನೋದಕ್ಕೆ 'ಗುವೆ', ನೀನು ಅನ್ನೋದಕ್ಕೆ 'ಲು' ಅಂತೀವಿ. ಅವೆರಡೂ ಚೀಣೀಯರ ಶಬ್ದಗಳು. ಸ್ಕೂಲಲ್ಲಿ ಆಡಿದರೆ ಮೇಷ್ಟ್ರು ಎಲ್ಲರೆದುರು ನಿಲ್ಲಿಸಿ ಬೈತಿದ್ದರು."

"ಬಿಸಿಬೇಳೆಬಾತೂ ಕಲಸಿದ್ದೇ ಅಲ್ವೇನಪ್ಪಾ? ಅದನ್ನ ಊಟ ಅಲ್ಲ ಅಂತಾರಾ ಯಾರಾದ್ರೂ?" ಎಂದರು ರಾಜಲಕ್ಷ್ಮಮ್ಮ. ಅವನು ನಗಲಿಲ್ಲ.

ಈ ಇಬ್ಬರ ಸೆರಗು ಹಿಡಿದು ಓಡಾಡುತ್ತಿದ್ದವಳು ಯಾಮಿನಿಯ ಮಗಳು, ನಾಲ್ಕು ವರ್ಷದ ಶ್ರಾವಣಿ. ಅವಳ ಬಾಯಲ್ಲಿ ಹೊಸದೊಂದು ಮಾತೇ ಹುಟ್ಟಿಕೊಂಡಿತು. "ಅಜ್ಜೀ, ಗುವೆ ಮೇಜೆ ಮೇಲೆ ಕೂತ್ಕೋತೀನಿ, ಪ್ಲೀಸ್!" ಅಜ್ಜಿಯರಿಗೆ ಅದು ಅರ್ಥವಾಗುತ್ತಿತ್ತು, ಮುದ್ದೂ ಆಗುತ್ತಿತ್ತು.

ಸೆಪ್ಟೆಂಬರಿನಲ್ಲಿ ಶಾಲೆಗೆ ಸೇರಿಸಿದರು. ಒಂದು ಮಧ್ಯಾಹ್ನ ಕರೆತರಲು ಹೋದ ಯಾಮಿನಿಗೆ ಮಗಳು ಮೂಲೆಯಲ್ಲಿ ಒದ್ದೆ ಬಟ್ಟೆಯಲ್ಲಿ ಮುದುಡಿ ಕೂತಿದ್ದು ಕಂಡಿತು. ಬಾತ್‌ರೂಮಿಗೆ ಹೋಗಬೇಕೆಂದು ಅವಳು ತನ್ನ ಮಾತಿನಲ್ಲಿ ಹೇಳಿದ್ದಳು. ಯಾರಿಗೂ ತಿಳಿದಿರಲಿಲ್ಲ. ಉಳಿದ ಮಕ್ಕಳು ಮೂಗು ಮುಚ್ಚಿಕೊಂಡು ನಕ್ಕಿದ್ದರು.

ಮಕ್ಕಳ ಮಾತು ತಿದ್ದುವ ತಜ್ಞೆಯೊಬ್ಬರನ್ನು ಶಾಲೆಯವರು ಕರೆಸಿದರು. ಆಕೆ ಒಳ್ಳೆಯವರೇ, ಸಮಾಧಾನದಿಂದಲೇ ಹೇಳಿದರು: "ಮಗುವಿಗೆ ಗೊಂದಲವಾಗಿದೆ. ಮನೆಯಲ್ಲಿ ಒಂದೇ ಭಾಷೆ ಇರಲಿ. ಅದು ಇಂಗ್ಲಿಷ್ ಆದರೆ ಅವಳಿಗೇ ಒಳ್ಳೆಯದು." ಆ ಕಾಲದಲ್ಲಿ ಇಂಥ ಸಲಹೆ ಕೇಳಿ ಬಂದ ಮನೆಗಳು ಎಷ್ಟೋ.

"ಇನ್ನು ಸ್ವಲ್ಪ ದಿನ ಇರ್ತೀನಿ. ನಾನು ಹೋದ್ಮೇಲೆ ಇಂಗ್ಲಿಷ್ ಕಲಿಸ್ಕೋಬಾರ್ದಾ?" ಎಂದರು ರಾಜಲಕ್ಷ್ಮಮ್ಮ. "ಮಗು ನನ್ ಜೊತೆ ಮಾತಾಡ್ದೆ ಇನ್ಯಾರ್ ಜೊತೆ ಆಡುತ್ತೆ?"

"ಅಮ್ಮಾ, ಅವಳು ಹ್ಯಾಗೆ ಕೂತಿದ್ಲು ಅಂತ ನೀನು ನೋಡಿಲ್ಲ. ನಾನು ನೋಡಿದೀನಿ. ಎಲ್ರೂ ಲಾಫ್ ಮಾಡ್ತಿದ್ರು. ನಾಳೆ ಇವಳನ್ನ ದಡ್ಡಿ ಅಂತ ಬೇರೆ ಕ್ಲಾಸಿಗೆ ಹಾಕಿದ್ರೆ?"

ಆದಿತ್ಯ ಟಿವಿಯ ಕಡೆ ನೋಡುತ್ತಲೇ "ಎಕ್ಸ್‌ಪರ್ಟ್ ಹೇಳಿದ್ಮೇಲೆ ಫಾಲೋ ಮಾಡೋಣ" ಎಂದ. ಮರ್ಝುಕಿಯೂ ಒಪ್ಪಿದ. ಶ್ರಾವಣಿ ಪಕ್ಕದ ಮನೆಗೆ ಹೋಗುವುದು ನಿಂತಿತು.

ಅಲ್ಲಿಂದಾಚೆ ಆ ಮನೆಯಲ್ಲಿ ಇಂಗ್ಲಿಷೇ ನಿಯಮವಾಯಿತು. ಮಗು ಕನ್ನಡದಲ್ಲಿ ಕರೆದರೆ ಯಾಮಿನಿ ಕೇಳಿಸದವಳಂತೆ ತಿರುಗಿಕೊಳ್ಳುವಳು. "ಹಾಲು" ಎಂದರೆ ಹಾಲಿಲ್ಲ, "ಮಿಲ್ಕ್" ಎಂದರೆ ಉಂಟು. ಮಗು ಲೋಟ ಹಿಡಿದು ಅಳುತ್ತಾ ಅಜ್ಜಿಯ ಕಡೆ ನೋಡುತ್ತಿತ್ತು. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋಗಿಬಿಡುವರು. ಆಮೇಲಾಮೇಲೆ ಅವರು ಮೊಮ್ಮಗಳ ತಲೆ ಬಾಚುವಾಗಲೂ ತುಟಿ ಬಿಚ್ಚಲಿಲ್ಲ. ತಾವು ಮಾತಾಡಿದರೆ ಮಗು ಕೆಡುತ್ತದೆಂದು ಹೆತ್ತ ಮಗಳೇ ಹೇಳಿದ ಮೇಲೆ ಇನ್ನೇನು ಮಾತಾಡಿಯಾರು?

ಚಳಿ ಹಿಡಿಯುವ ಹೊತ್ತಿಗೆ ಅಜ್ಜಿಯರಿಬ್ಬರೂ ತಮ್ಮ ತಮ್ಮ ಊರಿಗೆ ಹೊರಟುಹೋದರು. ಶ್ರಾವಣಿಯ ಇಂಗ್ಲಿಷ್ ಅರಳು ಹುರಿದಂತಾಯಿತು. ಶಾಲೆಯವರು ಹೊಗಳಿದರು. ಯಾಮಿನಿಗೆ ತಾನು ಗೆದ್ದೆನೆನ್ನಿಸಿತು.

ಮರುವರ್ಷ ಮೇ ತಿಂಗಳಲ್ಲಿ, ಚೀಣೀಯರ ವಿರುದ್ಧ ದಂಗೆಯೆದ್ದು ಜಕಾರ್ತ ಹತ್ತಿ ಉರಿಯುವುದನ್ನು ಟಿವಿಯಲ್ಲಿ ತೋರಿಸಿದರು. ಮರ್ಝುಕಿಗೆ ತಾಯಿಯ ಫೋನು ಸಿಕ್ಕಿರಲಿಲ್ಲ. ಕೊನೆಗೆ ಸಿಕ್ಕ ದಿನ ಅವನು ಬಂದು ಯಾಮಿನಿಯ ಮನೆಯ ಸೋಫಾದ ಮೇಲೆ ಕೂತ.

"ನ್ಯಾಕ್ ಕ್ಷೇಮ. ಆದರೆ ನಮ್ಮ ಓಣಿಯ ಚೀಣೀಯರ ಅಂಗಡಿ ಸುಟ್ಟುಹಾಕಿದರಂತೆ. ನಾನು ಚಿಕ್ಕವನಿದ್ದಾಗ ಅಲ್ಲೇ ಸಾಬುನ್ ತರುತ್ತಿದ್ದೆ. ಬೆಂಕಿ ಹಚ್ಚಿದವರು ಗುವೆ, ಲು ಅಂತಲೇ ಕೂಗಾಡುತ್ತಿದ್ದರಂತೆ. ಆ ಶಬ್ದಗಳನ್ನು ಕೊಟ್ಟವರನ್ನೇ ಸುಟ್ಟರು. ಅಮ್ಮ ಅಳುತ್ತಾ ಅದನ್ನೆಲ್ಲ ನಮ್ಮ ಮಾತಲ್ಲಿ ಹೇಳಿದಳು. ನಾನು ಸ್ಕೂಲಲ್ಲಿ ಕಲಿತ ಶಿಷ್ಟ ಇಂಡೋನೇಷ್ಯನ್ ಭಾಷೆಯಲ್ಲಿ ಸಮಾಧಾನ ಹೇಳಿದೆ. ಅಮ್ಮ 'ಸರಿ ಸಾರ್' ಅಂದಳು. ನನ್ನನ್ನು, ಸಾರ್ ಅಂತ!"

ಯಾಮಿನಿ ಅವನಿಗೆ ನೀರು ತಂದುಕೊಟ್ಟಳು.

ಅವನು ಹೋದ ಮೇಲೆ ಮೈಸೂರಿಗೆ ಫೋನ್ ಮಾಡಿ ಮಗಳ ಕೈಗೆ ಕೊಟ್ಟು ತಾನೂ ಪಕ್ಕದಲ್ಲೇ ಕಿವಿಯಿಟ್ಟಳು. ಆ ಕಡೆಯಿಂದ ಅಮ್ಮನ ದನಿ, ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ, ಒಂದೊಂದೇ ಶಬ್ದ ಜೋಡಿಸಿಕೊಂಡು ಬಂತು. "ಹಲೋ ಶ್ರಾವಣಿ. ಹೌ ಆರ್ ಯೂ? ಐ ಆಮ್ ಫೈನ್. ಯೂ ಈಟ್?" ಅರವತ್ತು ದಾಟಿದ ಮೇಲೆ ಯಾರನ್ನೋ ಕೇಳಿ ಕಲಿತದ್ದು. "ಫೈನ್" ಎಂದು ಶ್ರಾವಣಿ ಫೋನಿಟ್ಟು ಬಣ್ಣ ಹಚ್ಚಲು ಕೂತಳು.

ಯಾಮಿನಿ ಅವಳ ಎದುರು ಕೂತು ಮೇಜನ್ನು ತಟ್ಟಿದಳು. "ಪುಟ್ಟಾ, ಇದೇನು?"

"ಟೇಬಲ್."

"ಅಜ್ಜಿ ಇದಕ್ಕೆ ಏನಂತಿದ್ರು?"

ಮಗು ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿತು. "ಮೇಜೆ! ಬಟ್ ದಟ್ಸ್ ನ್ಯಾಕ್ಸ್ ವರ್ಡ್. ಅಜ್ಜಿ ಡಿಡಂಟ್ ಟಾಕ್, ಮಾಮ್."

ಯಾಮಿನಿ ಮೇಜಿನ ಮೇಲಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಮೊಮ್ಮಗಳ ಮನಸ್ಸಿನಲ್ಲಿ ಉಳಿದದ್ದು ಮಾತೇ ಬಾರದ ಒಬ್ಬ ಅಜ್ಜಿ. ಹಾಗೆ ಮಾಡಿದವಳು ತಾನು.

ಅವಳು ಮತ್ತೆ ಮೈಸೂರಿಗೆ ಫೋನ್ ಮಾಡಿ, ಸ್ಪೀಕರ್ ಗುಂಡಿ ಒತ್ತಿ, ಮಗಳ ಬಣ್ಣಗಳ ಪಕ್ಕದಲ್ಲೇ ಇಟ್ಟಳು.

"ಹಲೋ, ಹೌ ಆರ್ ಯೂ..."

"ಬೇಡಮ್ಮಾ," ಎಂದಳು. "ನಿನ್ ಮಾತಲ್ಲೇ ಮಾತಾಡು. ಏನಾದ್ರೂ ಹೇಳ್ತಾ ಇರು. ದಿನಾ ಫೋನ್ ಮಾಡ್ತೀನಿ."

ಆ ಕಡೆಯಿಂದ ಅಂಜುತ್ತಂಜುತ್ತಾ ಒಂದು ಪ್ರಶ್ನೆ ಬಂತು. "ಮಾತಾಡ್ಬಹುದೇನೇ? ಮಗುಗೇನೂ ತೊಂದ್ರೆ ಆಗಲ್ವಾ?"

ಯಾಮಿನಿ ಫೋನನ್ನು ಮಗಳ ಕಡೆಗೆ ಇನ್ನಷ್ಟು ಸರಿಸಿ "ಮಾತಾಡಮ್ಮಾ" ಎಂದಳು. ರಾಜಲಕ್ಷ್ಮಮ್ಮ ಮೆಲ್ಲಗೆ ಮಾತಾಡತೊಡಗಿದರು. ಶ್ರಾವಣಿ ತಲೆಯೆತ್ತದೆ ಬಣ್ಣ ಹಚ್ಚುತ್ತಲೇ ಇದ್ದಳು.