ಬಾಗಿಲ ಬಳಿಯ ಪಟ್ಟಿ

ತಳ್ಳುಗಾಡಿಯ ಮುಂದಿನ ಚಕ್ರ ನೆಲದೊಳಗೆ ಕುಸಿದು ಶವದ ಪೆಟ್ಟಿಗೆ ಒಂದು ಕಡೆಗೆ ವಾಲಿತು. ಒಳಗೆ ಏನೋ ಸರಿದ ಸದ್ದಾಯಿತು. ಸತ್ತವನ ಹೆಂಡತಿ ಎರಡೂ ಕೈಗಳಿಂದ ಪೆಟ್ಟಿಗೆಯನ್ನು ತಬ್ಬಿ ಹಿಡಿದಳು.

"ನಿಧಾನ! ಅವರ ತಲೆಗೆ ಹೊಡೀತೇನೋ!"

"ಗುಂಡಿ ಅತ್ತಿಗೆ, ಕಾಣ್ಲಿಲ್ಲ," ಎನ್ನುತ್ತ ಮೈದುನ ಚಕ್ರ ಎತ್ತಲು ಬಗ್ಗಿದ.

ಚಿತಾಗಾರದ ಹಜಾರದ ತುಂಬ ಇಂಥ ಗುಂಡಿಗಳೇ. ಮೇಲಿನ ಸಿಮೆಂಟು ಮೊಟ್ಟೆಯ ಚಿಪ್ಪಿನಂತೆ ಒಡೆದು ಎದ್ದುಬಂದಿತ್ತು.

ಮೇಲ್ವಿಚಾರಕ ಬೀಗದ ಕೈಗೊಂಚಲು ಆಡಿಸುತ್ತ ಬಂದ. "ನಮ್ಮನ್ನ ಬೈಬೇಡೀಪ್ಪ. ಹೋದ ವರ್ಷ ತಾನೇ ರಿಪೇರಿ ಮಾಡ್ಸಿದ್ದು. ಮಾಡಿದೋರು..." ಪೆಟ್ಟಿಗೆಯತ್ತ ಗಲ್ಲ ಎತ್ತಿ ತೋರಿಸಿದ. "ಇವರೇ."

ಹಿಂದೆ ನಿಂತಿದ್ದ ನೆರೆಮನೆಯ ಬಡಗಿ ಗೊಣಗಿದ: "ಹೋಗೋ ಹೊತ್ತಲ್ಲಿ ರಸಮಟ್ಟಣ್ಣನ ಮರ್ಯಾದೆ ಹೋಯ್ತಲ್ಲೋ."

ಸತ್ತವನಿಗೆ ಆ ಹೆಸರಿಟ್ಟಿದ್ದು ಇದೇ ಬಡಗಿ. ಬೇರೆಯವರು ಜೇಬಿನಲ್ಲಿ ಪೆನ್ನು ಇಟ್ಟುಕೊಂಡರೆ ಗಾರೆ ಕೆಲಸದ ಇವನು ನೆಲದ ಸಮ ನೋಡುವ ರಸಮಟ್ಟ ಇಟ್ಟುಕೊಳ್ಳುತ್ತಿದ್ದ. ಅದರೊಳಗಿನ ಗುಳ್ಳೆ ನಟ್ಟನಡುವೆ ನಿಲ್ಲುವ ತನಕ ನೆಲದ ಕೆಲಸ ಮುಗಿಯಿತೆಂದು ಒಪ್ಪುತ್ತಿರಲಿಲ್ಲ.

*

ಹೋದ ವರ್ಷ ಚಿತಾಗಾರದ ಕೆಲಸಕ್ಕೆ ಹೋದ ದಿನ ಅವನು ಹೊತ್ತಿಗೆ ಮೊದಲೇ ಮನೆಗೆ ಬಂದಿದ್ದ.

"ಬೇಡ ಹೋಗು ಅಂದ್ಬಿಟ್ರು ಕಣೇ. ಬಾಗಿಲ ಹತ್ರ ಒಂದು ಪಟ್ಟಿ ಮುಗಿಸಿದ್ದೆ. ಮಿಕ್ಕಿದ್ದನ್ನ ಕೆತ್ತಬೇಡ, ಮೇಲೇ ತೆಳ್ಳಗೆ ಸವರಿಬಿಡು ಅಂದ ಆ ಮೇಲ್ವಿಚಾರಕ. ತಟ್ಟಿದ್ರೆ ಎಲ್ಲಾ ಪೊಳ್ಳು. ಧೂಳಿನ ಮೇಲೆ ಸಿಮೆಂಟು ಕೂರುತ್ತಾ?"

"ಸವರಿ ಬರೋಕೆ ನಿಮಗೇನಾಗಿತ್ತು? ಅಲ್ಲಿಗೆ ಬರೋರು ಅಳ್ತಾ ಬರ್ತಾರೆ. ನೆಲ ಯಾರು ನೋಡ್ತಾರೆ?"

"ಚಕ್ರ ನೋಡುತ್ತಲ್ಲ," ಎಂದ.

ಅವಳು ಊಟದ ತಟ್ಟೆಯನ್ನು ಕುಕ್ಕಿ ಇಟ್ಟಳು. ಬಂದ ಕೆಲಸ ಕಳೆದುಕೊಳ್ಳುವುದೇ ನಮ್ಮವರಿಗೊಂದು ಜಂಬ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು.

*

"ಇದು ಅವರ ಕೆಲಸ ಅಲ್ಲ," ಎಂದಳು ಈಗ.

"ಇವರನ್ನೇ ಕರೆಸಿದ್ದಮ್ಮ ನಾವು."

"ಕರೆಸಿದ್ರಿ. ಓಡಿಸಿದ್ರಿ. ಆಮೇಲೆ ಯಾರ ಕೈಲಿ ಸವರಿಸಿದ್ರಿ, ಅದನ್ನ ಹೇಳಿ."

"ಅದೆಲ್ಲ ಈಗ ಯಾಕೆ? ಹಿಂದೆ ಇನ್ನೊಬ್ಬರ ಕಡೆಯವರು ಕಾಯ್ತಾ ಇದಾರೆ."

"ಬಿಡಿ ಅತ್ತಿಗೆ," ಎಂದ ಮೈದುನ. "ಸತ್ತೋರ ಹೆಸರಲ್ಲಿ ಜಗಳ ಯಾಕೆ?"

"ಸತ್ತೋರ ತಲೆಗೆ ಕಟ್ತಿರೋನು ಇವನು! ಉಸಿರಿದ್ದಾಗ ಎದುರಿಗೆ ನಿಂತು ಹೇಳ್ಬೇಕಿತ್ತು, ಇದು ನಿನ್ನ ಕೆಲಸ ಅಂತ. ಬಾಯಿ ಇಲ್ಲದ ಹೊತ್ತು ನೋಡಿ ಹೇಳ್ತಾನೆ!"

ಅವಳ ಕಣ್ಣು ಕಿಟಕಿಯ ಮೇಲಿದ್ದ ಹೂದಾನಿಯತ್ತ ಹೋಯಿತು.

*

ಮೈದುನ ಹೊಸ ಮನೆ ಕಟ್ಟಿಸಿದಾಗ ನೋಡಲು ಹೋಗಿದ್ದರು. ಕುಡಿಯಲು ಕೊಟ್ಟ ನೀರನ್ನು ಗಂಡ ನಡುಮನೆಯ ನೆಲಕ್ಕೆ ಸುರಿದು ಕುಕ್ಕರುಗಾಲಲ್ಲಿ ಕೂತು ನೋಡಿದ. ನೀರು ಸರಸರನೆ ಮಂಚದ ಕೆಳಗೆ ಓಡಿತು.

"ಮೋಸ ಹೋದೆ ಕಣೋ," ಎಂದ ತಮ್ಮನಿಗೆ.

ತಮ್ಮ ಬಹಳ ಕಾಲ ಅವನೊಂದಿಗೆ ಮಾತು ಬಿಟ್ಟಿದ್ದ. ನಾಚಿಕೆಯಿಂದ ಅವಳೇ ಸೆರಗಿನಲ್ಲಿ ಆ ನೀರು ಒರೆಸಿದ್ದಳು.

*

ಹೂಗಳನ್ನು ಕಿತ್ತು ಕಿಟಕಿಯ ಮೇಲಿಟ್ಟು ಅವಳು ಹೂದಾನಿಯನ್ನು ಎತ್ತಿಕೊಂಡಳು.

"ಅಮ್ಮ, ಏನ್ಮಾಡ್ತಿದೀರಿ?" ಎಂದ ಮೇಲ್ವಿಚಾರಕ.

"ಸುಮ್ನಿರಿ ಸ್ವಲ್ಪ," ಎಂದವನು ಮೈದುನ. ಅವನಿಗೆ ಗೊತ್ತಾಗಿತ್ತು.

ಅರ್ಧ ನೀರನ್ನು ಗಾಡಿಯ ಪಕ್ಕ ಸುರಿದಳು. ಅದು ಎದ್ದ ಚಿಪ್ಪುಗಳ ಅಡಿಗೆ ನುಗ್ಗಿ, ಕಂದು ಧೂಳನ್ನು ಹೊರಗೆ ತಂದು, ಮೇಲ್ವಿಚಾರಕನ ಬೂಟಿನ ಕಡೆಗೆ ಹರಿಯಿತು. ಅವನು ಹಿಂದೆ ಸರಿದ.

ಉಳಿದರ್ಧವನ್ನು ಬಾಗಿಲ ಬಳಿ ಒಯ್ದು ಸುರಿದಳು. ಕಾಯುತ್ತಿದ್ದ ಇನ್ನೊಂದು ಶವದ ಕಡೆಯವರು ಕಾಲು ಹಿಂದೆಳೆದುಕೊಂಡರು.

ನೀರು ದುಂಡಗೆ ಹರಡಿತು. ನಿಂತಿತು.

"ಇದು ಅವರದು," ಎಂದಳು.

ಬಡಗಿ ಬಗ್ಗಿ ನೋಡಿ ತಲೆ ತಗ್ಗಿಸಿದ. ಮೈದುನ ಗಾಡಿಯನ್ನು ಬಿಟ್ಟು ಪೆಟ್ಟಿಗೆಗೆ ಹೆಗಲು ಕೊಟ್ಟ. "ಬನ್ರೋ, ಎತ್ಕೊಂಡೇ ಹೋಗೋಣ. ಅಣ್ಣ ಇನ್ನೊಂದ್ಸಲ ಅಲುಗಾಡಬಾರದು."

ಅವರು ಗುಂಡಿಗಳನ್ನು ದಾಟಿ ಒಳಗೆ ಹೋದರು. ಬಾಗಿಲ ಬಳಿಯ ನೀರು ಯಾವ ಕಡೆಗೂ ಹರಿದಿರಲಿಲ್ಲ. ಚಾವಣಿಯ ಟ್ಯೂಬ್‌ಲೈಟು ಅದರಲ್ಲಿ ಗೀಟೆಳೆದಂತೆ ನೇರವಾಗಿ ಮಲಗಿತ್ತು.